ಭೀಮನ ಮಾತ್ರೆಯೂ ಗೀತಕ್ಕನ ಅವರೆಕಾಳೂ

ರಸ್ತೆಯ ತಿರುವಿನಲ್ಲಿ ಅವರೆಕಾಯಿ ಗಾಡಿ ಬಂದು ನಿಂತಿದೆ. ಗಾಡಿ ಕಣ್ಣಿಗೆ ಬೀಳುವ ಮೊದಲೇ ಅದರ ಸೊಗಡು ಬಂದು ನನ್ನ ಮೂಗು ಹಿಡಿಯಿತು. ಸೊಗಡು ಎಂದರೇನು ಎಂದು ಕೇಳುತ್ತೀರಾದರೆ ನೀವು ಈ ಕಡೆಯವರಲ್ಲ, ನಾನು ಹೇಳಿ ತಿಳಿಸುವ ವಿಷಯವೂ ಅದಲ್ಲ. ಒಂದು ಕಾಯಿ ಸುಲಿದು ಬೆರಳು ಮೂಸಿ ನೋಡಿ, ಅಷ್ಟೆ. ಪದ್ಮನಾಭನಗರದಲ್ಲಿ ಮಿಕ್ಕವರಿಗೆಲ್ಲ ಈ ವಾಸನೆಗೆ ಬಾಯಲ್ಲಿ ನೀರೂರುತ್ತದೆ. ನನಗೆ ಮಾತ್ರ ಹೆಬ್ಬೆರಳಿನ ಉಗುರು ನೋಯುತ್ತದೆ, ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ, ಬೆನ್ನ ಹಿಂದೆ ಏನು ಸದ್ದಾದರೂ ತಿರುಗಿ ನೋಡಬಾರದು ಅನ್ನಿಸುತ್ತದೆ. ಗಾಡಿಯವನು, "ಸಾರ್, ಎಳೇದು, ಸೊಗಡು ನೋಡಿ" ಎಂದು ಹಿಂದಿನಿಂದ ಕೂಗಿದ. ನಾನು ತಿರುಗದೆ ನಿಂತೆ. ಅವನು ನನ್ನನ್ನು ಕಿವುಡ ಅಂದುಕೊಂಡಿರಬೇಕು.

ನಿಜ ಹೇಳಬೇಕೆಂದರೆ, ಅವನು ಅಂದುಕೊಂಡದ್ದು ಪೂರ್ತಿ ತಪ್ಪೇನಲ್ಲ. ನಾನು ಮಿಮಿಕ್ರಿ ಮಾಡುವವನು. ವೇದಿಕೆ ಹತ್ತುವಷ್ಟು ದೊಡ್ಡವನಲ್ಲ. ಮದುವೆ ಮನೆಯಲ್ಲಿ ಊಟ ತಡವಾದಾಗ, ಆಫೀಸಿನಲ್ಲಿ ಮ್ಯಾನೇಜರು ಎದ್ದು ಹೋದಾಗ, "ಮಗಾ, ಅವರ ಥರ ಒಂದ್ಸಲ ಮಾಡೋ" ಎಂದು ಜನ ಹಿಡಿದು ನಿಲ್ಲಿಸುವ ಜಾತಿ. ಹಗಲು ನನ್ನ ಕೆಲಸ ಇನ್ಶೂರೆನ್ಸ್ ಗ್ರಾಹಕರ ಫೋನಿಗೆ ಉತ್ತರ ಕೊಡುವುದು. ಅಲ್ಲಿಯೂ ನನ್ನದಲ್ಲದ ಒಂದು ಜೇನುತುಪ್ಪದ ದನಿ. ಅಮ್ಮನಿಗೆ ಫೋನ್ ಮಾಡಿದರೆ ಆಕೆ ಮೊದಲು ಹೇಳುವ ಮಾತೇ, "ಈಗ ಯಾರ ಥರ ಮಾತಾಡ್ತಿದೀಯ, ಹೇಳ್ಬಿಡು, ಆಮೇಲೆ ವಿಷಯಕ್ಕೆ ಬಾ."

ಮಿಮಿಕ್ರಿಯವರ ಕಿವಿಗೆ ಒಂದು ಕಾಯಿಲೆ ಇದೆ. ನಮಗೆ ಮಾತಿನ ರಾಗ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಬನಶಂಕರಿ ಬಸ್ಸಿನಲ್ಲೊಮ್ಮೆ ಕಂಡಕ್ಟರ್ "ಮುಂದೆ ಹೋಗ್ರೀ" ಅಂದ. ಆ "ರೀ" ಅವನ ಮೂಗಿನೊಳಗೆ ಒಂದು ಸುತ್ತು ಹಾಕಿ ಹೊರಬಿತ್ತು. ಅದು ಹೇಗೆ ಸಾಧ್ಯ ಎಂದು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತ ನಾನು ಅಲ್ಲೇ ನಿಂತಿದ್ದೆ. ಅವನು ಮತ್ತೊಮ್ಮೆ ಹೇಳಿದ, ಈ ಸಲ ನನ್ನ ವಂಶದವರನ್ನೂ ಸೇರಿಸಿ. ನಾನು ಅದನ್ನೂ ಕಲಿತೆ. ಮುಂದೆ ಮಾತ್ರ ಹೋಗಲಿಲ್ಲ.

ಇಂಥ ಕಿವಿ ಇಟ್ಟುಕೊಂಡು ನಾನು ವಿಶಾಲಾಕ್ಷಿ ಆಂಟಿಯ ಮನೆಯ ಮಹಡಿಗೆ ಬಾಡಿಗೆಗೆ ಬಂದೆ. ಆಂಟಿ ಕೆಳಗಿನ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಒಬ್ಬರೇ ಅಂದರೆ ಅವರಿಗೆ ಕೋಪ ಬರುತ್ತದೆ. "ನಾವಿಬ್ಬರು" ಅನ್ನಬೇಕು. ಇನ್ನೊಬ್ಬ ಭೀಮ, ಬೆಕ್ಕು. ಆಂಟಿಯ ದನಿ ನನ್ನ ಸಂಗ್ರಹದಲ್ಲೇ ಒಡವೆಯಂಥದು. ಎಲ್ಲ ಮಾತೂ "ಇಲ್ಲಿ ಕೇಳು" ಎಂದು ಮೇಲಿನ ಮಹಡಿಯಲ್ಲಿ ಶುರುವಾಗಿ, ನಿಧಾನವಾಗಿ ಮೆಟ್ಟಿಲಿಳಿದು, ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ನೆಲಮಾಳಿಗೆ ಸೇರಿಬಿಡುತ್ತದೆ. ನಡುವೆ ನಾಲಿಗೆಯ ಒಂದು ಲೊಚ್.

ಭೀಮನ ಬಗ್ಗೆ ಹೇಳಬೇಕು. ಹೆಸರಿಟ್ಟವರಿಗೆ ಭವಿಷ್ಯ ಗೊತ್ತಿರಲಿಲ್ಲ. ಕುಕ್ಕರಿನ ಸೀಟಿ, ಕಾಲಿಂಗ್ ಬೆಲ್ಲು, ಬಿಡಿಸಿದ ಕೊಡೆ, ಹಪ್ಪಳ ಮುರಿಯುವ ಸದ್ದು, ಎಲ್ಲಕ್ಕೂ ಅವನು ಹೆದರುತ್ತಾನೆ. ಸೀನಿದರೆ ತನ್ನ ಸೀನಿಗೆ ತಾನೇ ಓಡಿಹೋಗುತ್ತಾನೆ. ಅಡುಗೆಮನೆಯ ಸಜ್ಜೆಯ ಮೇಲೆ, ದಸರಾ ಬೊಂಬೆಗಳ ಟ್ರಂಕಿನ ಹಿಂದೆ ಅವನ ವಾಸ. ಬಾಡಿಗೆ ಕೊಡಲು ಹೋದಾಗಲೆಲ್ಲ ಸಜ್ಜೆಯಿಂದ ಇಳಿಬಿದ್ದ ಒಂದು ಕಪ್ಪು ಬಾಲ ಸರ್ರನೆ ಒಳಗೆ ಹೋಗುವುದನ್ನು ನೋಡಿದ್ದೆ. ನಮ್ಮ ಪರಿಚಯ ಬಾಲದ ಮಟ್ಟಿಗೇ ಇತ್ತು. ಆಂಟಿ ಶುದ್ಧ ಸಸ್ಯಾಹಾರಿ. ಬೆಕ್ಕಿನ ಆಹಾರದ ಪೊಟ್ಟಣದ ಮೇಲಿದ್ದ ಮೀನಿನ ಚಿತ್ರಕ್ಕೆ ಹಳೆಯ ಕ್ಯಾಲೆಂಡರಿನ ಚೂರು ಅಂಟಿಸಿಟ್ಟಿದ್ದರು. "ಒಳಗೆ ಏನಿದೆ ಅಂತ ನಾನು ಓದಿಲ್ಲಪ್ಪ, ಓದೋದೂ ಇಲ್ಲ" ಎನ್ನುತ್ತಿದ್ದರು.

ಒಂದು ಸಾಯಂಕಾಲ ಭೀಮ ಸಜ್ಜೆಯಿಂದ ಇಳಿಯುತ್ತಲೇ ಬಿದ್ದು, ಕೈಕಾಲು ಸೆಟೆದುಕೊಂಡು, ಬಾಯಲ್ಲಿ ನೊರೆ ತಂದಿದ್ದನಂತೆ. ಫಿಟ್ಸ್. ಅಂದಿನಿಂದ ಬೆಳಗ್ಗೆ ಅರ್ಧ ಮಾತ್ರೆ, ಸಾಯಂಕಾಲ ಅರ್ಧ ಮಾತ್ರೆ, ಬದುಕಿರುವವರೆಗೂ. ಡಾಕ್ಟರು ಯಾವಾಗಲೂ ಬೆಕ್ಕಿನ ಮುಖ ನೋಡಿಕೊಂಡೇ ಮಾತಾಡುವವರು. "ಇದು ತಪ್ಪೋ ಹಾಗಿಲ್ಲಮ್ಮ. ತಪ್ಪಿದ್ರೆ ಫಿಟ್ಸ್ ತಿರುಗಿ ಬರುತ್ತೆ, ಮೊದಲಿಗಿಂತ ಜೋರಾಗೇ ಬರಬಹುದು" ಎಂದು ಅವನಿಗೇ ಹೇಳಿದ್ದರಂತೆ. ಅವನಿಗೆ ಅರ್ಥವಾಯಿತೋ ಇಲ್ಲವೋ, ಆಂಟಿಗೆ ಆಯಿತು. ಅವರು ಮದುವೆ ಮುಂಜಿಗಳಿಗೆ ಊರು ಬಿಟ್ಟು ಹೋಗುವುದನ್ನೇ ನಿಲ್ಲಿಸಿದರು.

ಆದರೆ ಆ ಚಳಿಗಾಲದಲ್ಲಿ ತಿಪಟೂರಿನ ಅವರ ಅಕ್ಕ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ನಿಗೆ ಜೊತೆಯಲ್ಲಿರಲು ಬೇರೆ ಯಾರೂ ಇರಲಿಲ್ಲ. ಭೀಮನನ್ನು ಎಲ್ಲಾದರೂ ಬಿಟ್ಟು ಹೋದರೆ ಊಟವನ್ನೇ ಬಿಡುತ್ತಾನೆ ಎಂದರು ಡಾಕ್ಟರು. ಉಳಿದವನು ಮಹಡಿಯ ಮೇಲಿನ ನಾನು.

ಆಂಟಿ ನನ್ನನ್ನು ಅಡುಗೆಮನೆಗೆ ಕರೆದು, ಮಾತ್ರೆಯ ಡಬ್ಬಿ, ಬೆಣ್ಣೆಯ ಬಟ್ಟಲು, ಮನೆಯ ಬೀಗದಕೈ ಎಲ್ಲ ತೋರಿಸಿ, ಭೀಮನಿಗೆ ಹೇಗೆ ಮಾತ್ರೆ ಕೊಡಬೇಕೆಂದು ವಿವರವಾಗಿ ಹೇಳಿದರು. ನಾನು ಮೈಯೆಲ್ಲ ಕಿವಿಯಾಗಿ ಕೇಳಿದೆ. ಎಂಥ ರಾಗ ಅಂತೀರಿ. ಊರಿಗೆ ಹೊರಟ ಆತಂಕಕ್ಕೆ "ಇಲ್ಲಿ ಕೇಳು" ಇನ್ನೂ ಒಂದು ಮಹಡಿ ಮೇಲೆ ಹತ್ತಿತ್ತು. ಲೊಚ್‌ಗಳು ಎರಡೆರಡು ಜೊತೆಯಾಗಿ ಬರುತ್ತಿದ್ದವು. ನಾನು ತಲೆಯಾಡಿಸುತ್ತಿದ್ದೆ. ಆಂಟಿ, "ಗೊತ್ತಾಯ್ತೇನೋ?" ಎಂದರು. "ಪೂರ್ತಿ ಗೊತ್ತಾಯ್ತು ಆಂಟಿ" ಎಂದೆ. ಆ ಗಳಿಗೆಯಲ್ಲಿ ಅವರ ಇಡೀ ಮಾತನ್ನು ಅಕ್ಷರ ಬಿಡದೆ ಅವರ ದನಿಯಲ್ಲೇ ಒಪ್ಪಿಸಬಲ್ಲವನಾಗಿದ್ದೆ. ಅದರಲ್ಲಿ ಏನು ಹೇಳಿದ್ದರು ಎಂದು ಕೇಳಿದ್ದರೆ ಮಾತ್ರ ತೊದಲುತ್ತಿದ್ದೆ.

ಸಾಯಂಕಾಲ ಬೀಗ ತೆಗೆದು ಒಳಗೆ ಹೋದೆ. ಅರ್ಧ ಮಾತ್ರೆಯನ್ನು ಬೆಣ್ಣೆಯಲ್ಲಿ ಸುತ್ತಿ ತಟ್ಟೆಯಲ್ಲಿಟ್ಟು ಸಜ್ಜೆಯ ಕೆಳಗೆ ನಿಂತೆ. ಮೊದಲು ನನ್ನ ಇನ್ಶೂರೆನ್ಸಿನ ದನಿಯಲ್ಲಿ ಕರೆದೆ. ಬಾಲ ಒಳಗೆ ಹೋಯಿತು. ಹಾಲಿನವನ ದನಿ ಮಾಡಿದೆ. ಟ್ರಂಕು ಸ್ವಲ್ಪ ಅಲುಗಾಡಿತು. ಇನ್ನೊಂದು ಬೆಕ್ಕಿನ ದನಿ ಮಾಡಿದೆ, ಹೆಣ್ಣು ಬೆಕ್ಕಿನದು. ನನಗೇ ನಾಚಿಕೆಯಾಯಿತು, ಅವನಿಗೆ ಏನೂ ಆಗಲಿಲ್ಲ. ಬುದ್ಧಿಗೆಟ್ಟು, ಆಂಟಿಯ ಬಾಯಲ್ಲಿ ಕೇಳಿದ್ದ ಡಾಕ್ಟರ ದನಿಯನ್ನೂ ಮಾಡಿದೆ. ಟ್ರಂಕಿನ ಹಿಂದೆ ಇನ್ನೂ ಹಿಂದೆ ಎಂಬ ಒಂದು ಜಾಗ ಇದೆಯೆಂದು ಆಗ ತಿಳಿಯಿತು.

ಕೊನೆಗೆ ಒಡವೆಯನ್ನೇ ಹೊರತೆಗೆದೆ. "ಇಲ್ಲಿ ಕೇಳು, ಭೀಮೂ... ಬಾರೋ ಕಂದಾ."

ಧಡ್ ಎಂದು ಸದ್ದಾಯಿತು. ಭೀಮ ಸಜ್ಜೆಯಿಂದ ಫ್ರಿಜ್ಜಿಗೆ, ಫ್ರಿಜ್ಜಿನಿಂದ ನೆಲಕ್ಕೆ ಹಾರಿ ಬಂದ. ಅವನನ್ನು ತುದಿಯಿಂದ ಬುಡದವರೆಗೆ ನೋಡಿದ್ದು ಅದೇ ಮೊದಲು. ಕಪ್ಪು ಮೈ, ಬಿಳಿ ಎದೆ, ಅಗಲವಾದ ಮುಖ. ಗೆದ್ದೆ ಅಂದುಕೊಂಡು ತಟ್ಟೆ ಮುಂದೆ ಚಾಚಿದೆ. ಅವನು ತಟ್ಟೆಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ನನ್ನ ಕಾಲುಗಳ ನಡುವೆಯೇ ತೂರಿ ಹೋಗಿ ಮುಂಬಾಗಿಲ ಹತ್ತಿರ ಕುಳಿತ. ಬಾಗಿಲ ಕೆಳಗಿನ ಸಂದಿಗೆ ಮೂಗಿಟ್ಟು ಕಾದ.

ಹಿಂದಿನಿಂದ ಇನ್ನೊಮ್ಮೆ ಆಂಟಿಯ ದನಿಯಲ್ಲಿ ಕರೆದೆ. ಅವನು ತಿರುಗಿ ನನ್ನ ಬಾಯಿ ನೋಡಿದ. ಮತ್ತೆ ಬಾಗಿಲು ನೋಡಿದ. ಮತ್ತೆ ನನ್ನ ಬಾಯಿ. ನನ್ನ ಹಾಸ್ಯಕ್ಕೆ ನಗದ ಜನರನ್ನು ಬೇಕಾದಷ್ಟು ಕಂಡಿದ್ದೇನೆ. ಯಾರೂ ಹೀಗೆ ನೋಡಿರಲಿಲ್ಲ. ತನ್ನ ಮನೆಯವರ ದನಿಯನ್ನು ನಾನು ಕದ್ದು ಬಾಯಲ್ಲಿಟ್ಟುಕೊಂಡಿದ್ದೇನೆ, ಉಗುಳಿದರೆ ಅವರು ಹೊರಬರಬಹುದು ಎಂಬಂತೆ ನೋಡುತ್ತಿದ್ದ.

ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಭೀಮ ಬಂದ ದಾರಿಯಲ್ಲೇ ಮಾಯವಾದ.

"ವಿಶಾಲಮ್ಮ, ಬಂದ್ಬಿಟ್ರಾ? ದನಿ ಕೇಳಿಸ್ತು." ಎದುರು ಮನೆಯ ಗೀತಕ್ಕ.

ಬುದ್ಧಿಯಿದ್ದವನು ಬಾಗಿಲು ತೆಗೆದು ವಿಷಯ ಹೇಳುತ್ತಿದ್ದ. ನನ್ನ ಬಾಯಲ್ಲಿ ಇನ್ನೂ ಆಂಟಿಯೇ ಇದ್ದರು. "ಹ್ಞೂ ಗೀತಾ, ಈಗ್ತಾನೇ ಬಂದೆ."

"ಅಕ್ಕ ಹೇಗಿದಾರೆ?"

"ಪರವಾಗಿಲ್ಲಮ್ಮ."

"ಬಾಗಿಲು ತೆಗೀರಿ ಸ್ವಲ್ಪ."

"ಸ್ನಾನಕ್ಕೆ ಹೊರಟಿದ್ದೆ ಕಣೇ."

ಹೊರಗೆ ಬಳೆಗಳ ಸದ್ದಾಯಿತು. ಆಮೇಲೆ ಗೀತಕ್ಕ ಬಹಳ ಸಿಹಿಯಾಗಿ, "ಸರಿ, ಒಳ್ಳೇದೇ ಆಯ್ತು. ಅವರೆಕಾಳು ನೆನೆಹಾಕ್ತಾ ಇದೀನಿ. ನಾಳೆ ನೆಂಟರು ಬರ್ತಾರೆ, ಹಿತಕಬೇಳೆ ಸಾರು ಮಾಡ್ಬೇಕು. ಬೆಳಗ್ಗೆ ತಂದಿಡ್ತೀನಿ, ವರ್ಷಾವರ್ಷಾ ಮಾಡೋ ಹಾಗೆ ಹಿಸುಕಿ ಕೊಡ್ತೀರಾ?"

"ಆಯ್ತು ಗೀತಾ, ತಂದಿಡು."

"ಪೂರ್ತಿನಾ?"

"ಪೂರ್ತಿ ತಂದಿಡು." ಆ ಕೊನೆಯ "ಡು" ನೆಲಮಾಳಿಗೆ ಸೇರಿದ ರೀತಿಗೆ ನನಗೆ ನಾನೇ ಚಪ್ಪಾಳೆ ಹೊಡೆದುಕೊಳ್ಳುವುದೊಂದು ಬಾಕಿ.

ಬೆಂಗಳೂರಿನವರಲ್ಲದವರಿಗೆ ಒಂದು ಮಾತು. ಹಿತಕಬೇಳೆ ಎಂದರೆ ರಾತ್ರಿ ನೆನೆಸಿದ ಅವರೆಕಾಳನ್ನು ಬೆಳಗ್ಗೆ ಒಂದೊಂದಾಗಿ ಎರಡು ಬೆರಳ ನಡುವೆ ಹಿಸುಕಿ, ಸಿಪ್ಪೆಯಿಂದ ಪುಳಕ್ಕನೆ ಹಾರಿಸಿದ ಬೇಳೆ. ತಿನ್ನುವುದು ಕ್ಷಣದ ಕೆಲಸ, ಹಿಸುಕುವುದು ಜನ್ಮದ ಕೆಲಸ. ಅದಕ್ಕೇ ಮನೆಮಂದಿಯೆಲ್ಲ ಸುತ್ತ ಕೂರುತ್ತಾರೆ.

ಆ ಸಾಯಂಕಾಲದ ಮಾತ್ರೆ ತಪ್ಪಿಯೇ ಹೋಯಿತು. ತಟ್ಟೆಯಲ್ಲಿ ಬೆಣ್ಣೆ ಕರಗಿ ಮಾತ್ರೆ ಬತ್ತಲೆಯಾಗಿ ಮಲಗಿತ್ತು. ಸ್ಟೂಲು ಹಾಕಿ ಹತ್ತಿದೆ. ಕತ್ತಲಲ್ಲಿ ಎರಡು ಕಣ್ಣು ಹೊಳೆದವು, ನಡುಗುವ ಉಸಿರು ಕೇಳಿಸಿತು. ಕೈ ಚಾಚಲು ನನಗೇ ಮನಸ್ಸಾಗಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. ಬೇಗ ಬೇಗ ಕೊಡಿ, ತಪ್ಪಿದ್ದನ್ನು ಮುಂದಿನದರ ಜೊತೆ ಸೇರಿಸಿ ಎರಡು ಕೊಡಬೇಡಿ, ಬೆಳಗ್ಗೆಯದೂ ಹೋಗದಿದ್ದರೆ ಇಲ್ಲಿಗೇ ತನ್ನಿ ಎಂದರು. ಅವರು ಯಾವ ದನಿಯಲ್ಲಿ ಹೇಳಿದರು ಎಂದು ಈಗ ಕೇಳಿದರೆ ನನಗೆ ನೆನಪಿಲ್ಲ. ಬೆಕ್ಕನ್ನು ಹಿಡಿದು ತರುವುದು ಎಂಬ ಮಾತಷ್ಟೇ ತಲೆಯಲ್ಲಿ ಕೂತಿತ್ತು. ಹೆದರಿಕೆಗೇ ಅವನಿಗೆ ದಾರಿಯಲ್ಲಿ ಫಿಟ್ಸ್ ಬಂದರೆ?

ಆಂಟಿಯ ಫೋನೂ ಬಂತು. ಬೆಳಗ್ಗೆ ಅಕ್ಕನ ಆಪರೇಷನ್. ಹಿಂದೆ ಆಸ್ಪತ್ರೆಯ ಗದ್ದಲ. "ಭೀಮ ಹೇಗಿದಾನೆ?"

"ಸಜ್ಜೆ ಮೇಲಿದಾನೆ ಆಂಟಿ."

"ಅಲ್ಲೇ ಇರ್ತಾನೆ ಪಾಪ" ಎಂದು ಫೋನಿಟ್ಟರು.

ಬೆಳಗ್ಗೆ ಕೆಳಗಿಳಿದು ಬಂದರೆ ಆಂಟಿಯ ಮನೆಯ ಹೊಸ್ತಿಲ ಮೇಲೆ ಮಗುವನ್ನು ಸ್ನಾನ ಮಾಡಿಸಬಹುದಾದಷ್ಟು ದೊಡ್ಡ ಸ್ಟೀಲಿನ ಪಾತ್ರೆ. ತುಂಬ ನೆಂದ ಅವರೆಕಾಳು. ಸೊಗಡು ರಸ್ತೆಯವರೆಗೂ ಹೋಗಿತ್ತು. ಅದನ್ನು ಎಳೆದುಕೊಂಡು ಒಳಗಿಟ್ಟು, ಗೆಳೆಯ ಬಸುವಿಗೆ ಫೋನ್ ಮಾಡಿದೆ. ಬಸು ಹುಬ್ಬಳ್ಳಿ ಕಡೆಯವನು, ಬಿಟಿಎಮ್‌ನಲ್ಲಿ ರೂಮು ಮಾಡಿಕೊಂಡಿದ್ದಾನೆ, ನನ್ನ ಎಲ್ಲ ದನಿಗಳೂ ಬಾಯಿಪಾಠವಾಗಿದ್ದರೂ ನಗುವವನು. ನಡೆದದ್ದೆಲ್ಲ ಹೇಳಿದೆ. ಅವನು ಮೊದಲು ಬಿದ್ದು ಬಿದ್ದು ನಕ್ಕ. ಆಮೇಲೆ ಕೇಳಿದ.

"ಅಲ್ಲಲೇ, ಹೋಗೂಮುಂದ ಆಂಟಿ ಏನ್ ಹೇಳ್ಯಾರ?"

"ಏನೋ, ಬೆಣ್ಣೇಲಿ ಸುತ್ತಿ ಕೊಡು ಅಂದ್ರು."

"ಏನೋ ಬ್ಯಾಡ. ಅವರು ಹೆಂಗ ಹೇಳಿದ್ರೋ ಹಂಗ ಹೇಳು. ಅದನ್ನರ ಛಲೋ ಮಾಡ್ತೀಯಲ್ಲ."

ನಾನು ಗಂಟಲು ಸರಿಮಾಡಿಕೊಂಡು ಒಪ್ಪಿಸಿದೆ. "ಇಲ್ಲಿ ಕೇಳು. ಅವನನ್ನ ಕರೀಬೇಡ. ಕರೆದಷ್ಟೂ ಒಳಗೆ ಹೋಗ್ತಾನೆ. ಅವನಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತ್ಕೋ. ಕೈಯಲ್ಲಿ ಏನಾದ್ರೂ ಕೆಲಸ ಇಟ್ಕೋ, ಸೊಪ್ಪೋ ಹೂವೋ ಕಾಳೋ, ಏನೋ ಒಂದು. ನಿನ್ನ ಪಾಡಿಗೆ ನೀನಿದೀಯ ಅಂತ ಗೊತ್ತಾದ್ರೆ ಅವನೇ ಬರ್ತಾನೆ. ಬಂದ್ರೂ ತಿರುಗಿ ನೋಡ್ಬೇಡ. ಬೆರಳಿಗೆ ಬೆಣ್ಣೆ ಮಾತ್ರೆ ಹಚ್ಕೊಂಡು ಪಕ್ಕಕ್ಕೆ ಇಟ್ಟಿರು."

ಆ ಕಡೆ ಬಸು ನಗಲಿಲ್ಲ. "ಸಖತ್ ಮಾಡ್ದಿ" ಎಂದ. ಆಮೇಲೆ, "ಕರೀಬ್ಯಾಡ ಅಂದಾರಲ್ಲೋ ಅವ್ರು. ನೀ ನಿನ್ನೆಯಿಂದ ಊರ ಮಂದಿ ದನೀಲೆ ಒದರಾಕತ್ತೀಯಲ್ಲ."

ನನ್ನ ಬಾಯಿಂದಲೇ ಹೊರಬಿದ್ದ ಮಾತನ್ನು ನಾನು ಆಗ ಮೊದಲ ಸಲ ಕೇಳಿಸಿಕೊಂಡಿದ್ದೆ. ಕೆಲಸ ಎಲ್ಲಿ ಹುಡುಕಲಿ ಎಂದು ಯೋಚಿಸಬೇಕಾಗಿಯೂ ಇರಲಿಲ್ಲ. ಅದು ಸ್ಟೀಲಿನ ಪಾತ್ರೆ ತುಂಬ ಎದುರಿಗೇ ಕೂತಿತ್ತು.

ಸಜ್ಜೆಗೆ ಬೆನ್ನು ಹಾಕಿ ನೆಲದ ಮೇಲೆ ಕುಳಿತೆ. ಒಂದು ಕಾಳು ತೆಗೆದು ಹಿಸುಕಿದೆ. ಬೇಳೆ ಬಟ್ಟಲಿಗೆ ಬೀಳುವ ಬದಲು ಒಲೆಯ ಕಡೆ ಹಾರಿಹೋಯಿತು. ಇನ್ನೊಂದು ನನ್ನ ಕಣ್ಣಿಗೇ ಬಡಿಯಿತು. ಕೆಲವು ಬೆರಳಲ್ಲೇ ನಜ್ಜಾದವು. ಹೀಗೆ ಎಷ್ಟೋ ಹೊತ್ತು. ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ. ಯಾರ ದನಿಯಾದರೂ ಬಾಯಿಗೆ ಬರುತ್ತಿತ್ತು, ನುಂಗುತ್ತಿದ್ದೆ. ಕಂಡಕ್ಟರು ಬಂದರು, ನುಂಗಿದೆ. ಮ್ಯಾನೇಜರು ಬಂದರು, ನುಂಗಿದೆ. ಎಲ್ಲರೂ ಹೊಟ್ಟೆ ಸೇರಿದ ಮೇಲೆ ಅಡುಗೆಮನೆಯಲ್ಲಿ ಪುಳಕ್ ಪುಳಕ್ ಎಂಬ ಸದ್ದೊಂದೇ ಉಳಿಯಿತು. ಅದು ಆಂಟಿ ಪ್ರತಿ ಚಳಿಗಾಲ ಮಾಡುವ ಸದ್ದೂ ಆಗಿತ್ತು ಎಂದು ನನಗೆ ಆಗ ಹೊಳೆದಿರಲಿಲ್ಲ.

ಒಂದು ಬೇಳೆ ಕೈಜಾರಿ ಹೆಗಲ ಮೇಲಿಂದ ಹಿಂದಕ್ಕೆ ಹಾರಿತು. ಅದು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ಅದರ ಹಿಂದೆಯೇ ಮೆತ್ತನೆಯ ಇನ್ನೊಂದು ಸದ್ದು, ಫ್ರಿಜ್ಜಿನ ಮೇಲೆ. ಆಮೇಲೆ ನೆಲದ ಮೇಲೆ. ಯಾರೋ ಬೇಳೆಯನ್ನು ಪಂಜದಲ್ಲಿ ತಳ್ಳಿ ತಳ್ಳಿ ಆಡುತ್ತಿದ್ದರು. ನನ್ನ ಕುತ್ತಿಗೆ ತಿರುಗಲು ಹಟ ಮಾಡಿತು. ಅದನ್ನು ಹಿಡಿದು ಕೂರಿಸಿದೆ. ಎಡಗೈಯ ಬೆರಳಿಗೆ ಬೆಣ್ಣೆ ಮಾತ್ರೆ ಹಚ್ಚಿ ಪಕ್ಕಕ್ಕೆ ನೆಲದ ಮೇಲಿಟ್ಟು, ಬಲಗೈಯಲ್ಲಿ ಸಿಪ್ಪೆಗಳನ್ನು ಸುಮ್ಮನೆ ಕಲಕುತ್ತಿದ್ದೆ.

ಬೆರಳ ಮೇಲೆ ಉಪ್ಪುಕಾಗದ ಉಜ್ಜಿದಂತಾಯಿತು. ಒಂದು ಸಲ, ಮತ್ತೊಂದು ಸಲ. ಎದುರಿನ ಪಾತ್ರೆಯ ಹೊಟ್ಟೆಯಲ್ಲಿ ನನ್ನ ಪ್ರತಿಬಿಂಬ ಕುಂಬಳಕಾಯಿಯಂತೆ ಊದಿಕೊಂಡಿತ್ತು. ಅದರ ಪಕ್ಕದಲ್ಲಿ ಇನ್ನೂ ಅಗಲವಾದ ಒಂದು ಕಪ್ಪು ಮುಖ ಕಣ್ಣುಮುಚ್ಚಿ ನುಂಗುತ್ತಿರುವುದು ಕಾಣಿಸಿತು. ಬೆರಳು ಎತ್ತಿ ನೋಡಿಕೊಂಡೆ. ಮಾತ್ರೆ ಇರಲಿಲ್ಲ.

ನನ್ನ ಕಣ್ಣಲ್ಲಿ ನೀರು ಬಂತು. ಅವರೆಕಾಳು ಬಡಿದ ಕಣ್ಣಲ್ಲಿ ಮಾತ್ರ ಎಂದು ಬಸುವಿಗೆ ಹೇಳಿದ್ದೇನೆ.

ಪೂರ್ತಿ ಪಾತ್ರೆ ಮುಗಿಸುವ ಹೊತ್ತಿಗೆ ಮತ್ತೆ ಬೆಲ್ಲು. ಈ ಸಲ ನಾನೇ ಎದ್ದು ಹೋಗಿ ಬಾಗಿಲು ತೆರೆದೆ. ಗೀತಕ್ಕ ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಬಟ್ಟಲಿಗೆ ಕೈ ಹಾಕಿ ಬೇಳೆ ಎತ್ತಿ ನೋಡಿದರು. "ಅರ್ಧ ನಜ್ಜು ಮಾಡಿದೀಯ. ಹೋಗಲಿ, ಮೊದಲ ಸಲ."

"ಗೀತಕ್ಕ, ನಿನ್ನೆ ಮಾತಾಡಿದ್ದು..."

"ಗೊತ್ತು ಕಣೋ. ದನಿ ಚೆನ್ನಾಗೇ ಮಾಡ್ತೀಯ. ಆದ್ರೆ ವಿಶಾಲಮ್ಮ ಒಂದೇ ಮಾತಿಗೆ ಆಯ್ತು ಅಂದೋರೇ ಅಲ್ಲ. ಮೊದಲು ಕಾಳು ಬಲಿತಿದೆ ಅಂತಾರೆ, ಆಮೇಲೆ ಬೆರಳು ನೋವು ಅಂತಾರೆ, ಕೊನೆಗೆ ಅರ್ಧ ನೀನೇ ಹಿಸುಕ್ಕೋ ಅಂತಾರೆ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ನೆಂಟರು ಬರೋರಿದ್ರಲ್ಲೋ" ಎಂದು ಗೀತಕ್ಕ ಬೇಳೆಯನ್ನು ಪಾತ್ರೆಗೆ ಸುರಿದುಕೊಂಡು ಹೊರಟರು. ನನ್ನ ಬದುಕಿನಲ್ಲಿ ನನ್ನ ಕಲೆಗೆ ಸಿಕ್ಕ ಅತ್ಯಂತ ಪ್ರಾಮಾಣಿಕ ವಿಮರ್ಶೆ ಅದು. ಸಾಯಂಕಾಲ ಒಂದು ಡಬ್ಬಿ ಸಾರನ್ನೂ ಕಳಿಸಿದರು. ನಜ್ಜಾದ ಬೇಳೆಯೆಲ್ಲ ಅದರಲ್ಲೇ ಇತ್ತು.

ಆಂಟಿ ಬರುವವರೆಗೂ ಬೆಳಗ್ಗೆ ಸಾಯಂಕಾಲ ನನ್ನದು ಅದೇ ಉದ್ಯೋಗ. ಗಾಡಿಯವನು ನನ್ನನ್ನು ಹೋಟೆಲಿನವನೆಂದು ತಿಳಿದ. ಬಸು ಹಿತಕಬೇಳೆ ತಿಂದು ತಿಂದು ಕೈಮುಗಿದ. ಭೀಮ ಆಮೇಲೆ ಒಂದು ಹೊತ್ತಿನ ಮಾತ್ರೆಯನ್ನೂ ತಪ್ಪಿಸಲಿಲ್ಲ, ಬೀಳಲೂ ಇಲ್ಲ. ಅತ್ತ ಅಕ್ಕನ ಆಪರೇಷನ್ನೂ ಸರಿಹೋಯಿತು. ಆಂಟಿ ಬಂದವರು, ಆ ಮೊದಲ ಸಾಯಂಕಾಲದ ಕಥೆಯನ್ನು ನನ್ನ ಬಾಯಿಂದ ಪೂರ್ತಿ ಕೇಳಿ, ನನ್ನ ಕೈ ಹಿಡಿದು ಕಪ್ಪಾದ ಉಗುರು ನೋಡಿದರು. "ಪಾದರಸದ ಹಾಗಿರೋ ಹುಡುಗ, ಒಂದು ಕಡೆ ಕೂತ್ಯಲ್ಲ" ಎಂದರು. ಅದು ಬೈಗುಳವೋ ಹೊಗಳಿಕೆಯೋ ನನಗೆ ಈಗಲೂ ಗೊತ್ತಿಲ್ಲ.

ಇವತ್ತು ಗಾಡಿಯ ಹತ್ತಿರ ನಿಂತದ್ದು ಸುಮ್ಮನೆ ಅಲ್ಲ. ಕೋಲು ಹಿಡಿದು ನಡೆಯುವಷ್ಟಾದ ಅಕ್ಕ, ಈ ಸಲ ಹಬ್ಬಕ್ಕೆ ಬಾ ಎಂದು ತಂಗಿಯನ್ನು ಕರೆಸಿಕೊಂಡಿದ್ದಾರೆ. ಬೆಳಗ್ಗೆ ಆಂಟಿ ಹೊರಡುವಾಗ ಮತ್ತೆ ಎಲ್ಲ ಹೇಳಿಕೊಟ್ಟರು. ಮಾತ್ರೆ ಈಗ ಕಾಲುಭಾಗ ಜಾಸ್ತಿ, ಬೆಣ್ಣೆ ಹೊಸ ಬಟ್ಟಲಲ್ಲಿದೆ, ಎಡಗಿವಿಯ ಹತ್ತಿರ ಗಾಯ ಇದೆ, ಮುಟ್ಟಬೇಡ. ಮಾತೆಲ್ಲ ನೆನಪಿದೆ. ಬಸು ಫೋನಿನಲ್ಲಿ, ಆಂಟಿ ದನೀಲೆ ಹೇಳು ನೋಡೂಣು ಎಂದ. ಎಷ್ಟು ಪ್ರಯತ್ನಪಟ್ಟರೂ ರಾಗ ಬರಲಿಲ್ಲ.

ಕಾಯಿ ತಂದು ನಾಳೆಗೆಂದು ಬಿಡಿಸಿಟ್ಟೆ. ನಿನ್ನೆಯೇ ನೆನೆಸಿಟ್ಟಿದ್ದ ಕಾಳಿನ ಪಾತ್ರೆ ಮುಂದಿಟ್ಟುಕೊಂಡು ಅಡುಗೆಮನೆಯ ನೆಲದ ಮೇಲೆ ಕುಳಿತೆ. ಸ್ವಲ್ಪ ಹೊತ್ತಿಗೆ ಫೋನು ಬಂತು. ಕೈ ಒದ್ದೆ. ಕಿರುಬೆರಳಲ್ಲಿ ಒತ್ತಿ ಸ್ಪೀಕರಿಗೆ ಹಾಕಿ, "ಹೇಳಿ" ಎಂದೆ, ಮೆಲ್ಲಗೆ.

"ಹಲೋ, ಯಾರು ಮಾತಾಡೋದು? ಮೇಲಿನ ಮನೆ ಹುಡುಗ ಇಲ್ವಾ?"

"ನಾನೇ ಆಂಟಿ."

"ನೀನಾ? ನಿನ್ನ ದನಿ ಥರಾನೇ ಇಲ್ವಲ್ಲೋ."

"ಇದೇ ಆಂಟಿ ನನ್ನದು."

ಆಂಟಿ ಆ ಕಡೆ ಒಂದು ಲೊಚ್ ಎಂದರು. "ಭೀಮ ಬಂದ್ನಾ?"

ಸೊಂಟದ ಹತ್ತಿರ ಏನೋ ಬೆಚ್ಚಗೆ ಒರಗಿಕೊಂಡಿತು. ನಾನು ಇನ್ನೊಂದು ಕಾಳು ತೆಗೆದು ಹಿಸುಕಿದೆ.

"ನೋಡಿಲ್ಲ ಆಂಟಿ."

"ಹಾಗಾದ್ರೆ ಬಂದಿದಾನೆ" ಎಂದರು.